ಅಮ್ಮನ ಚಪ್ಲಿ ಬ್ರೇಕು

ಇವತ್ತು ತೀರ್ಥಳ್ಳೀಲಿ ಪಂಚರ್ ಅಂಗಡಿ ಮುಂದೆ ರಬ್ಬರ್ ಸುಟ್ಟ ವಾಸ್ನೆ ಬಂತು. ತಕ್ಷಣ ಅಮ್ಮನ ಚಪ್ಲಿ ನೆನಪಾಯ್ತು.

ನಾನು ಸ್ಕೂಲಲ್ಲಿದ್ದಾಗ ಒಂದ್ಸಲ ಮೇಳಿಗೇಲಿ ಥ್ರೋಬಾಲ್ ಪಂದ್ಯ ಇತ್ತು. ಏಳು ಜನ ಇಲ್ದಿದ್ರೆ ಟೀಮ್ ಔಟು. ಆರು ಹುಡ್ಗೀರ್ನ ಜೀಪಲ್ಲಿ ತುಂಬ್ಕೊಂಡು, "ಜಾಗ ಇಲ್ಲ, ನೀ ಬಸ್ಸಿಗೆ ಬಾ" ಅಂತ ನನ್ನ ಬಿಟ್ಟೋದ್ರು. ಬಸ್ಸು ಬರ್ಲೇ ಇಲ್ಲ. ಅಮ್ಮ ಸೀರೆ ಎತ್ತಿ ಸಿಗ್ಸ್ಕೊಂಡು ಅಪ್ಪನ ಸೈಕಲ್ ಹತ್ತಿದ್ಲು.

"ಹಿಂದೆ ಕೂರು. ಅಳ್ಬೇಡ, ಬ್ಯಾಲೆನ್ಸ್ ತಪ್ಪುತ್ತೆ."

ಇಳಿಜಾರಲ್ಲಿ ಬ್ರೇಕ್ ಹಿಡೀಲಿಲ್ಲ. ಎದುರಿಗೆ ಲಾರಿ. ಅಮ್ಮ ಚಪ್ಲಿ ಕಾಲನ್ನ ಮುಂದಿನ ಟೈರಿಗೆ ಒತ್ತಿ ಹಿಡಿದ್ಲು. ರಬ್ಬರ್ ಸುಟ್ಟು ಹೊಗೆ ಬಂತು. ಲಾರಿ ನಮ್ಮ ಪಕ್ಕದಲ್ಲೇ ಸವರ್ಕೊಂಡು ಹೋಯ್ತು.

ಮೈದಾನ ಮುಟ್ಟಿದಾಗ ನಮ್ಮ ಟೀಮನ್ನ ಕೊನೇ ಸಲ ಕರೀತಿದ್ರು. ಮೈಕ್ ಹಿಡ್ದವ್ನು ನಕ್ಕ. "ಏನಕ್ಕಾ, ಸರ್ಕಸ್ಸಾ?"

"ಹೂಂ ಮಾರಾಯ. ನಗೋದು ಆಮೇಲೆ, ಮೊದ್ಲು ಇವ್ಳ ಹೆಸ್ರು ಬರ್ಕೊ."

ಸೋತ್ವಿ. ಆದ್ರೆ ಆಡಿ ಸೋತ್ವಿ.

ಮೊನ್ನೆ ಅದೇ ಪಂದ್ಯಕ್ಕೆ ನಮ್ಮೂರ ಹುಡ್ಗೀರು ಹೋಗ್ಲೇ ಇಲ್ಲ. ಕಾರ್ ಸಿಗ್ಲಿಲ್ವಂತೆ! ಮನೆಮನೇಲೂ ಸೈಕಲ್ ತುಕ್ಕು ಹಿಡೀತಿದೆ. ಕೇಳಿದ್ರೆ ಒಬ್ಳ ಅಪ್ಪ, "ಸೈಕಲ್ಲಲ್ಲಿ ಕಳ್ಸಿದ್ರೆ ಜನ ಏನಂತಾರೆ?" ಅಂದ.

ಏನಂತಾರ್ರೀ? ಟೀಮ್ ಬಂತು ಅಂತಾರೆ.