ನಮ್ಮ ಮನೆಯಲ್ಲಿ ಯಾರೂ ಸತ್ತಿಲ್ಲ

ಟಿ.ವಿ.ಯಲ್ಲಿ ಹಾಡಿನ ಸ್ಪರ್ಧೆ ಶುರುವಾಗುವ ಹೊತ್ತಿಗೆ ನಾನು ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಕೂಡುತ್ತೇನೆ. ಮಕ್ಕಳು ಹಾಡುವಾಗ ಕೈ ತಾನಾಗಿ ನಿಲ್ಲುತ್ತದೆ. ಹಾಡು ಮುಗಿದು ಅಳು ಶುರುವಾಯಿತೋ, ಹಳ್ಳು ಆರಿಸತೊಡಗುತ್ತೇನೆ. ಒಂದು ತಾಸಿನ ಕಾರ್ಯಕ್ರಮದಲ್ಲಿ ಎರಡು ಸೇರು ಬೇಳೆ ಹಸನಾಗುತ್ತದೆ ಎಂದರೆ ಅದರಲ್ಲಿ ಹಾಡೆಷ್ಟು, ಅಳುವೆಷ್ಟು, ನೀವೇ ತಿಳಿದುಕೊಳ್ಳಿ.

ನೀವೂ ನೋಡಿರಬೇಕು. ಹಾಡುವ ಮಗು ಅಳುತ್ತದೆ, ಅದರ ತಾಯಿ ಅಳುತ್ತಾಳೆ, ಮಾರ್ಕು ಹಾಕಲು ಕುಳಿತ ದೊಡ್ಡವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಳ್ಳುತ್ತಾರೆ. ಮಗು ಮೇಲಿನ ಸ್ವರಕ್ಕೆ ಹೋಗುತ್ತಿರುವಾಗ, ಉಸಿರು ಹಿಡಿದು ನೋಡಬೇಕಾದ ಆ ಗಳಿಗೆಯಲ್ಲಿ, ಅದರ ಮುಖ ಬಿಟ್ಟು ತಾಯಿಯ ಕಣ್ಣು ತೋರಿಸುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿ.

ನಾನು ಕಲಿತದ್ದು ಮೂರನೆಯ ಇಯತ್ತೆ. ರಾಗದ ಹೆಸರು ಒಂದೂ ಗೊತ್ತಿಲ್ಲ. ಆದರೆ ಅಳುವಿನ ವಿಷಯದಲ್ಲಿ ನಾನು ಕಡಿಮೆ ಓದಿದವಳಲ್ಲ. ಮುದ್ದೇಬಿಹಾಳದ ಕಡೆಯ ನನ್ನ ತವರಿನಲ್ಲಿ ಹೆಂಗಸರು ಹಾಡ್ಯಾಡಿ ಅಳುತ್ತಿದ್ದರು. ಸತ್ತವರನ್ನು ಸಂಬಂಧ ಹಿಡಿದು ಕರೆಯುವುದು, ಅವರ ಗುಣ ಒಂದೊಂದಾಗಿ ಎತ್ತಿ ಹೇಳುವುದು, ಒಬ್ಬಳ ಉಸಿರು ಸಾಲದಾದಾಗ ಮತ್ತೊಬ್ಬಳು ಎತ್ತಿಕೊಳ್ಳುವುದು. ಅದಕ್ಕೆ ಅದರದೇ ಹೊತ್ತಿತ್ತು. ಹೆಣ ಎತ್ತುವಾಗ ಓಣಿ ನಡುಗುವಂತೆ ಅತ್ತವಳು, ದೂರದಿಂದ ಬಂದವರಿಗೆ ನೀರು ಕೊಡುವಾಗ ಒಂದು ಹನಿ ಉದುರಿಸುತ್ತಿರಲಿಲ್ಲ. ಅಳುವವರಿಗೂ ಒಂದು ಮರ್ಯಾದೆ ಇತ್ತು.

ಇರಲಿ. ನಾನು ಹೇಳಬೇಕೆಂದದ್ದು ನನ್ನ ಮೊಮ್ಮಗಳು ಭಾಗ್ಯಾಳ ಸುದ್ದಿ. ಹನ್ನೆರಡು ವರ್ಷದ ಹುಡುಗಿ. ಸೋಮವಾರದ ಭಜನೆಯಲ್ಲಿ ಹಾಡಿ ಹಾಡಿ ಗಂಟಲು ತೆರೆದುಕೊಂಡವಳು. ಆ ಟಿ.ವಿ. ಸ್ಪರ್ಧೆಗೆ ಬಿಜಾಪುರದಲ್ಲಿ ನಡೆದ ಆಯ್ಕೆಯಲ್ಲಿ ಅವಳ ಹೆಸರು ಬಂತು! ಆ ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ನಮ್ಮ ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರನ್ನೂ ನಿಲ್ಲಿಸಿ ಹೇಳಿದೆ. ಇಂಡಿಗೆ ಹೊರಟ ಬಸ್ಸಿನ ಕಂಡಕ್ಟರನಿಗೂ ಹೇಳಿದೆ. ಅವನು, "ಛಲೋ ಆತ್ರಿ, ಮೊದ್ಲ ಟಿಕೀಟ ತಗೋರಿ" ಎಂದ. ನಾನು ಎಲ್ಲಿಗೂ ಹೋಗುವವಳಿರಲಿಲ್ಲ, ಸುದ್ದಿ ಹೇಳಲಿಕ್ಕೆಂದೇ ಬಸ್ಸು ಹತ್ತಿದ್ದೆ. ಇಳಿದೆ.

ಆದರೆ ನಾಲ್ಕು ದಿನಕ್ಕೆ ಭಾಗ್ಯಾಳ ದನಿ ಕಟ್ಟಿತು. ಭಜನೆಯಲ್ಲಿ ಮೇಲಿನ ಸ್ವರಕ್ಕೆ ಹೋದವಳು ಒಡೆದ ಕೊಳಲಿನಂತೆ ನಿಂತುಬಿಟ್ಟಳು. ಮರುದಿನ ನೋಡಿದರೆ ಕನ್ನಡಿಯ ಮುಂದೆ ಕುಳಿತು ಮುಖ ಕಿವಿಚುತ್ತಿದ್ದಾಳೆ.

"ಏನ್ ಮಾಡಾಕತ್ತೀಯ?"

"ಅಳಾಕ ಕಲ್ಯಾಕತ್ತೇನಿ, ಆಯಿ. ಹಾಡಾಕ ಬರ್ತೈತಿ, ಅಳಾಕ ಬರವಲ್ದು. ಅತ್ತವ್ರನ್ನಷ್ಟ ಮುಂದಿನ ಸುತ್ತಿಗೆ ತಗೋತಾರ."

ಕೆದಕಿ ಕೇಳಿದರೆ, ಮೂರು ದಿನದಿಂದ ಸಾಲಿ ಬಿಟ್ಟ ಮೇಲೆ ದಿನಾ ಸುಳ್ಳು ಅಳು ಅತ್ತು ಅತ್ತು ಗಂಟಲು ಹಾಳು ಮಾಡಿಕೊಂಡಿದ್ದಾಳೆ! ಈ ಹುಡುಗಿಯ ದನಿಯನ್ನು ಕಣ್ಣೀರಿಗೆ ಕೊಡುವುದಿಲ್ಲ ಎಂದು ಅಲ್ಲೇ ಗಟ್ಟಿ ಮಾಡಿಕೊಂಡೆ. ಸ್ಪರ್ಧೆ ಗೆಲ್ಲಲಿ, ಬಿಡಲಿ. ಹಾಡುವುದಕ್ಕೆ ಹೋದವಳು ಹಾಡಿ ಬರಬೇಕು. ಜ್ಯೇಷ್ಠಮಧು ಕಷಾಯ ಕುಡಿಸಿದೆ. ಕನ್ನಡಿ ತೆಗೆದು ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಸೊಸೆ ಶಾರದಾ ಒಂದು ವಾರ ನೀರು ತುಂಬಿದ ಬಕೇಟಿನಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಂಡಳು.

ಹುಡುಗಿಯ ದನಿ ಮರಳಿತು ಅನ್ನುವಷ್ಟರಲ್ಲಿ ಬೆಂಗಳೂರಿನಿಂದ ಟಿ.ವಿ.ಯ ಮೂವರು ಹುಡುಗರು ಕ್ಯಾಮೆರಾ ಹಿಡಿದು ಮನೆಗೆ ಬಂದರು. ಸ್ಪರ್ಧೆಯಲ್ಲಿ ತೋರಿಸಲು ಭಾಗ್ಯಾಳ ಮನೆಯ, ಮನೆಯವರ ಚಿತ್ರ ತೆಗೆಯಬೇಕಂತೆ. ಸಂಭಾವಿತ ಹುಡುಗರು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ನಮ್ಮ ಫ್ರಿಜ್ಜು ಕಂಡು ಮಾತ್ರ ಅವರ ಮುಖ ಬಾಡಿತು. ಬಡವರ ಮನೆ ಬೇಕಿತ್ತೋ ಏನೋ, ಅದರ ಮೇಲೆ ಕೌದಿ ಹೊದಿಸಿ ಮುಚ್ಚಿದರು. ಆಮೇಲೆ ಟೋಪಿ ಹಾಕಿದ್ದ ಹುಡುಗ ನನ್ನ ಮುಂದೆ ಕುಳಿತು ಕೇಳಿದ:

"ಅಜ್ಜಿ, ನಿಮ್ಮ ಜೀವನದಲ್ಲಿ ಏನಾದ್ರೂ ದೊಡ್ಡ ನೋವು ಇದೆಯಾ?"

"ಐತಪಾ. ಎಡಗಾಲ ಮೊಣಕಾಲಾಗ."

"ಅದಲ್ಲ ಅಜ್ಜಿ. ಮೊಮ್ಮಗಳನ್ನ ನೆನೆಸ್ಕೊಂಡು ಸ್ವಲ್ಪ ಅಳಿ."

"ಆಕಿ ಇಲ್ಲೇ ಕುಂತಾಳಲ್ಲೋ ತಮ್ಮಾ! ನೆನಸೂದೇನ್ ಬಂತು?"

ಅವನು ಬೆವರು ಒರೆಸಿಕೊಂಡ. "ಇದು ಇಲ್ಲದಿದ್ರೆ ಮುಂದಿನ ಸುತ್ತು ಕಷ್ಟ ಆಗುತ್ತೆ ಅಜ್ಜಿ" ಎಂದ.

"ಆದ್ರ ಆಗ್ಲಿ. ಹಾಡ ಬೇಕಂದ್ರ ಎಷ್ಟರೆ ತಗೊಂಡ ಹೋಗು. ಅಳು ನಮ್ಮನ್ಯಾಗ ಇಲ್ಲ."

ಶಾರದಾ ಹೆತ್ತ ತಾಯಿ, ಅವಳಿಗೆ ದಿಗಿಲಾಯಿತು. "ನೀವ್ ಸುಮ್ನಿರ್ರಿ ಅತ್ತಿ, ನಾ ಅಳ್ತೇನಿ" ಎಂದು ಸೆರಗು ಬಾಯಿಗೆ ಒತ್ತಿಕೊಂಡು ಪಡಸಾಲೆಯಲ್ಲಿ ಕುಳಿತಳು. ಪಾಪ, ಟಿ.ವಿ.ಯವರ ಹಾಗೆ ಸಣ್ಣಗೆ ಅಳುವುದನ್ನು ಅವಳಿಗೆ ಯಾರು ಕಲಿಸಿದ್ದರು? ಅವಳಿಗೆ ಬರುತ್ತಿದ್ದದ್ದು ಒಂದೇ ಅಳು. "ಯವ್ವಾ ನನ್ನವ್ವಾ" ಎಂದು ಹಾಡ್ಯಾಡಿ ತೆಗೆದಳು ನೋಡಿ, ಮಾಳಿಗೆಯ ಮೇಲಿನ ಪಾರಿವಾಳಗಳು ಹಾರಿಹೋದವು. ಕ್ಯಾಮೆರಾದ ಹುಡುಗ ಖುಷಿಯಾಗಿ "ಇನ್ನೊಂದ್ಸಲ ಅಮ್ಮ" ಎಂದ. ಹೀಗೆ ಮೂರು ಸಲ ಅಳಿಸಿದ.

ಅರ್ಧ ತಾಸಾಗಿರಬೇಕು. ಪಕ್ಕದ ಮನೆಯ ಹುಸೇನಬಿ ತಲೆಯ ತುಂಬ ಸೆರಗು ಹೊದ್ದು, ಬಟ್ಟೆ ಮುಚ್ಚಿದ ಬುಟ್ಟಿ ಹಿಡಿದು ಬಾಗಿಲಿಗೆ ಬಂದಳು. ಹಿಂದೆ ಓಣಿಯ ಐದಾರು ಹೆಂಗಸರು, ಒಬ್ಬಳ ಕೈಯಲ್ಲಿ ಕಡಲೆಹಿಟ್ಟಿನ ಝುಣಕ, ಇನ್ನೊಬ್ಬಳ ಕೈಯಲ್ಲಿ ಪುಂಡಿಪಲ್ಯ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ. ಅಂಥ ಅಳು ಕೇಳಿದರೆ ನಮ್ಮ ಓಣಿಯಲ್ಲಿ ಯಾರೂ ಯಾರನ್ನೂ ಕೇಳುತ್ತ ಕೂಡುವುದಿಲ್ಲ, ಒಲೆಯ ಮೇಲೆ ಹಂಚು ಇಟ್ಟು ರೊಟ್ಟಿ ಬಡಿಯುತ್ತಾರೆ.

ಹುಸೇನಬಿ ಹೊಸ್ತಿಲ ಮೇಲೆ ಕಾಲಿಟ್ಟವಳು ನನ್ನನ್ನು ಕಂಡು ಅಲ್ಲೇ ನಿಂತಳು.

"ಯಕ್ಕಾ, ನೀ ಕುಂತೀಯಲ್ಲ?"

"ಮತ್ತೇನ್ ಮಾಡ್ಲೇ?"

"ನಾ ನೀನ ಹೋದಿ ಅಂತ ತಿಳದು ಹತ್ತ ರೊಟ್ಟಿ ಹೆಚ್ಚಿಗಿ ಬಡದೇನಲ್ಲ!"

"ನಮ್ಮನ್ಯಾಗ ಯಾರೂ ಸತ್ತಿಲ್ಲ. ಟಿ.ವಿ.ಯಾವ್ರು ಬಂದಾರ" ಎಂದೆ.

ಆಮೇಲೆ ಎದ್ದ ನಗುವಿಗೆ ಲೆಕ್ಕವಿಲ್ಲ. ಹುಸೇನಬಿ ಬುಟ್ಟಿ ಇಳಿಸಿ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು ಸೆರಗಿನಿಂದ ಒರೆಸಿಕೊಂಡಳು. ಹಾಗೆ ತಂದ ರೊಟ್ಟಿಯನ್ನು ತಿರುಗಿ ಮನೆಗೆ ಒಯ್ಯುವ ಹಾಗಿಲ್ಲ. ಎಲ್ಲರೂ ಪಡಸಾಲೆಯಲ್ಲೇ ಸಾಲಾಗಿ ಕುಳಿತು ಉಂಡೆವು. ಬೆಂಗಳೂರಿನ ಹುಡುಗರು ಝುಣಕವನ್ನು ಎರಡೆರಡು ಸಲ ಹಾಕಿಸಿಕೊಂಡರು. ಉಂಡ ಮೇಲೆ ಹೆಂಗಸರು ಹಾಡು ಕೇಳದೆ ಏಳುವುದಿಲ್ಲ ಎಂದು ಕುಳಿತರು. ಭಾಗ್ಯಾ ಹಾಡಿದಳು. ಒಂದು ಕಡೆಯೂ ದನಿ ನಡುಗಲಿಲ್ಲ. ಅಲ್ಲಿಯವರೆಗೆ ಹೆಂಗಸರ ಕಡೆಗಿದ್ದ ಕ್ಯಾಮೆರಾವನ್ನು ಟೋಪಿಯ ಹುಡುಗ ಅವಳ ಕಡೆಗೆ ತಿರುಗಿಸಿದ್ದನ್ನು ನಾನೇ ನೋಡಿದೆ.

ಭಾಗ್ಯಾ ಅಪ್ಪನ ಜೊತೆ ಬೆಂಗಳೂರಿಗೆ ಹೋದ ಮೇಲೆ ಒಂದು ರವಿವಾರ ಆ ಕಾರ್ಯಕ್ರಮ ಟಿ.ವಿ.ಯಲ್ಲಿ ಬಂತು. ಓಣಿಯೆಲ್ಲ ನಮ್ಮ ಮನೆಯಲ್ಲಿ. ಶಾರದಾ ಅತ್ತದ್ದನ್ನು ಬಿಟ್ಟುಬಿಟ್ಟಿದ್ದರು. ಅದು ಅವರಿಗೂ ಹೆಚ್ಚಾಗಿತ್ತೋ ಏನೋ. ಬದಲಿಗೆ ಹುಸೇನಬಿ ಕಣ್ಣು ಒರೆಸಿಕೊಳ್ಳುವುದನ್ನು ನಿಧಾನ ಮಾಡಿ, ಹಿಂದೆ ಕೊಳಲಿನ ದನಿ ಹಾಕಿ, "ಈ ಹುಡುಗಿಗಾಗಿ ಊರೇ ಕಣ್ಣೀರಿಟ್ಟಿದೆ" ಎಂದರು.

"ನಾ ನಕ್ಕಿದ್ನಲ್ಲೇ!" ಎಂದು ಹುಸೇನಬಿ ಎದ್ದು ನಿಂತಳು. "ಇಷ್ಟ ಸಾವಕಾಶ ಯಾಕ ಒರಸ್ಕೊಳ್ಳಾಕತ್ತೇನಿ ನಾ?"

ಭಾಗ್ಯಾಳ ಹಾಡು ಚೆನ್ನಾಗಿಯೇ ಆಯಿತು. ಮಾರ್ಕು ಹಾಕುವವರಲ್ಲಿ ಒಬ್ಬರು ಕರವಸ್ತ್ರ ಹಿಡಿದುಕೊಂಡು ಮೆಲ್ಲಗೆ ಕೇಳಿದರು, "ಪುಟ್ಟಾ, ಊರು ನೆನಪಾಗ್ತಿದೆಯಾ? ಅಜ್ಜಿ ನೆನಪಾಗ್ತಿದ್ದಾರಾ?" ಕೊಳಲು ಮತ್ತೆ ಶುರುವಾಯಿತು. ಕ್ಯಾಮೆರಾ ಹುಡುಗಿಯ ಕಣ್ಣಿನ ಹತ್ತಿರಕ್ಕೆ ಹೋಯಿತು. ನಾನು ಶಾರದಾಳ ಕೈ ಹಿಡಿದುಕೊಂಡೆ. ಕನ್ನಡಿಗೆ ಬೀಗ ಹಾಕಿದ್ದು ಸಾಕಾಯಿತೋ ಇಲ್ಲವೋ ಎಂದು ಜೀವ ಹೊಯ್ದಾಡಿತು.

ಭಾಗ್ಯಾ ಕಣ್ಣು ಪಿಳುಕಿಸಿ ಹೇಳಿದಳು: "ಇಲ್ರಿ ಸರ್. ಆಯಿ ಆರಾಮ ಅದಾಳ್ರಿ. ಇನ್ನೊಂದ ಹಾಡ್ಲೇನ್ರಿ?"

ಕೊಳಲು ನಿಂತಿತು. ಆ ದೊಡ್ಡ ಮನುಷ್ಯರು ಆಚೆ ಈಚೆ ನೋಡಿ, ಹೊತ್ತಿಲ್ಲ ಕಂದಾ ಎಂದರು. ಜಾಹೀರಾತು ಬಂತು.

"ಅಳಾಕ ಹೊತ್ತೈತಿ, ಹಾಡಾಕ ಇಲ್ಲೇನ?" ಎಂದು ನಮ್ಮ ಪಡಸಾಲೆಯಲ್ಲಿ ಗದ್ದಲವೆದ್ದಿತು. ಕಡೆಗೆ ಮುಂದಿನ ಸುತ್ತಿಗೆ ಹೋಗುವವರ ಹೆಸರು ಕರೆದಾಗ ಭಾಗ್ಯಾಳದು ಇರಲಿಲ್ಲ.

ಮರುದಿನ ಮಧ್ಯಾಹ್ನ ಅವಳನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದೆ. ಏನು ಹೇಳಿ ಸಮಾಧಾನ ಮಾಡಲಿ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅಪ್ಪನ ಜೊತೆ ಇಳಿದವಳೇ ಚೀಲ ನನ್ನ ಕಾಲ ಬಳಿ ಇಟ್ಟು, "ಆಯಿ, ಎರಡನೇ ಹಾಡ ಭಾಳ ಛಲೋ ಕಲ್ತಿದ್ದೆ. ಯಾರೂ ಕೇಳ್ಲೇ ಇಲ್ಲ" ಎಂದಳು.

ಕಲ್ಲಿನ ಕಟ್ಟೆಯ ಮೇಲೆ ಮೊಣಕಾಲು ಚಾಚಿ ಕುಳಿತೆ. ಬಸ್ಸುಗಳು ಹಾರ್ನು ಹೊಡೆಯುತ್ತಿದ್ದವು, ಶೇಂಗಾ ಮಾರುವವರು ಕೂಗುತ್ತಿದ್ದರು. "ಈಗ ಹಾಡು" ಎಂದೆ. ಟಿ.ವಿ.ಯವರಿಗೆ ಹೊತ್ತಿರಲಿಲ್ಲ, ನನಗೆ ಸಂಜೆಯವರೆಗೂ ಇತ್ತು.