ಜೋಳದ ದಿಂಡಿನ ಪೈಪು

ಸ್ವೀಡನ್ನಿನ ಲಿಂಕೋಪಿಂಗ್‌ನ ನಮ್ಮ ಮನೆಗೆ ಬಂದ ಅತ್ತೆಯ ವೀಳ್ಯದೆಲೆ ಎರಡೇ ವಾರಕ್ಕೆ ಮುಗಿಯಿತು. ಹೊಗೆಸೊಪ್ಪು ಮಾತ್ರ ಉಳಿಯಿತು. ಅವರು ಮುಸುಕಿನ ಜೋಳದ ದಿಂಡೊಂದನ್ನು ಹೀಟರ್ ಮೇಲೆ ಒಣಗಿಸಿ, “ಇದಕ್ಕೊಂದು ತೂತು ಕೊರೀರಿ ಅಳಿಯಂದ್ರೇ” ಎಂದರು. ಕೊರೆದೆ. ಕೆರೆಯಂಚಿನಿಂದ ಟೊಳ್ಳು ಜೊಂಡಿನ ಕಡ್ಡಿಯನ್ನೂ ತಂದು ಸಿಕ್ಕಿಸಿದೆ. ಬಾಲ್ಕನಿಯಲ್ಲಿ ಅತ್ತೆ ಮೊದಲ ದಮ್ಮು ಎಳೆದು, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದರು. ನಾನೂ ಎಳೆದೆ, ನಾನೂ ಕೆಮ್ಮಿದೆ. ಸದ್ದು ಕೇಳಿ ಹೆಂಡತಿ ಬಂದಳು.

“ಅಮ್ಮಾ, ಏನಿದು?”

“ನಿನ್ನ ಗಂಡ ಮಾಡ್ಕೊಟ್ಟಿದ್ದು.”

ನಾನು ಬೈಸಿಕೊಳ್ಳಲು ಸಿದ್ಧನಾದೆ. ಅವಳು ಪೈಪು ಇಸಿದುಕೊಂಡು, ಸೊಪ್ಪನ್ನು ಬೆರಳಿಂದ ಒತ್ತಿ, ನಿಧಾನವಾಗಿ ಎಳೆದು ಮೂಗಿನಿಂದ ಹೊಗೆ ಬಿಟ್ಟಳು. ಕೆಮ್ಮಲಿಲ್ಲ. ನಮ್ಮ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು.

“ಸೊಪ್ಪು ತೀರಾ ಒಣಗಿದೆ” ಎಂದು ಪೈಪು ವಾಪಸು ಕೊಟ್ಟು ಒಳಗೆ ಹೋದಳು. ಅತ್ತೆಯೂ ನಾನೂ ಮುಖ ಮುಖ ನೋಡಿಕೊಂಡೆವು.