ಹೊಸ್ತಿಲಾಚೆ ಒಂದು ಜೊತೆ ಚಪ್ಪಲಿ

ಮೂರು ವರ್ಷದ ಹಿಂದೆ ನಾನು ಹಿರಿಯೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿದ್ದೆ. ಅದು ನನ್ನ ಮೊದಲ ಪೋಸ್ಟಿಂಗ್. ಮಾರಿಕಣಿವೆ ಜಲಾಶಯ ತುಂಬಿದ ಮೇಲೆ ಶನಿವಾರ, ಭಾನುವಾರ ಆ ಕಡೆ ಕಾರುಗಳು ಬರತೊಡಗಿದ್ದವು. ಅವುಗಳ ಹಿಂದೆಯೇ ದಿನದ ಬಾಡಿಗೆಯ ಮನೆಗಳೂ ಹುಟ್ಟಿಕೊಂಡವು. ಕೋಣೆಗೆ ಬಣ್ಣ ಬಳಿದು, ಫೋಟೊ ತೆಗೆದು ಆ್ಯಪ್‌ಗೆ ಹಾಕಿದರೆ ಮುಗಿಯಿತು ಎಂದುಕೊಂಡವರೇ ಹೆಚ್ಚು.

ಹೋಮ್‌ಸ್ಟೇ ನೋಂದಣಿ ಮಾಡುವುದು ಪ್ರವಾಸೋದ್ಯಮ ಇಲಾಖೆ. ಅದಕ್ಕೆ ಮೊದಲು ಪಂಚಾಯಿತಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ನಾವು ಮುಖ್ಯವಾಗಿ ನೋಡಬೇಕಾದದ್ದು, ಮಾಲೀಕರು ಅದೇ ಮನೆಯಲ್ಲಿ ವಾಸವಿದ್ದಾರೆಯೇ ಎಂಬುದನ್ನು. ವಾಸವಿದ್ದರೆ ಹೋಮ್‌ಸ್ಟೇ. ಬೇರೆ ಯಾರೋ ಕೂತು ನಡೆಸುತ್ತಿದ್ದರೆ ಅದು ಲಾಡ್ಜ್. ಮನೆಗಳ ಓಣಿಯಲ್ಲಿ ಅದಕ್ಕೆ ನಾವು ಪತ್ರ ಕೊಡುವಂತಿರಲಿಲ್ಲ.

ನಾನಿದ್ದದ್ದು ಹಿರಿಯೂರಿನಲ್ಲಿ. ಮನೆ ಹುಡುಕುವಾಗ ಎಲ್ಲ ಗೇಟುಗಳ ಮೇಲೂ ‘ಫ್ಯಾಮಿಲಿಗೆ ಮಾತ್ರ’ ಎಂಬ ಬೋರ್ಡು. ಒಬ್ಬಳೇ ಎಂದ ಕೂಡಲೇ, ಈಗ ತಾನೇ ಬೇರೆಯವರಿಗೆ ಮಾತಾಯಿತು ಎನ್ನುತ್ತಿದ್ದರು. ಕೊನೆಗೆ ತೆಂಗಿನಕಾಯಿ ಗೋದಾಮಿನ ಮೇಲಿನ ಒಂದು ಕೋಣೆ ಸಿಕ್ಕಿತು. ಹಮಾಲರು ಸಂಜೆ ಷಟರ್ ಎಳೆದು ಹೋದರೆ, ಆಮೇಲೆ ಆ ಕಟ್ಟಡದಲ್ಲಿ ನಾನೊಬ್ಬಳೇ.

ತಿಪ್ಪಮ್ಮನ ಅರ್ಜಿ ಬಂದದ್ದು ಆಗ. (ಹೆಸರುಗಳನ್ನು ಬದಲಿಸಿದ್ದೇನೆ.) ಐವತ್ತರ ಆಸುಪಾಸಿನ ಹೆಂಗಸು, ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಹಿತ್ತಲಿನ ಎರಡು ಕೋಣೆಗಳ ಬಾಡಿಗೆಯೇ ಜೀವನ. ಪಕ್ಕದ ಮನೆಯ ಕಾಯಿ ವ್ಯಾಪಾರಿ ಮಂಜಣ್ಣ ಆಕ್ಷೇಪಣೆ ಕೊಟ್ಟಿದ್ದರು. ಹಾಗಾಗಿ ಮಹಜರು ಮಾಡಬೇಕಾಯಿತು. ಅಂದರೆ ಸ್ಥಳದಲ್ಲೇ ವರದಿ ಬರೆದು, ಎಲ್ಲರ ಎದುರು ಓದಿ ಹೇಳಿ, ಸಹಿ ಪಡೆಯುವುದು. ನಮ್ಮ ಬಿಲ್ ಕಲೆಕ್ಟರ್ ರಂಗಣ್ಣನನ್ನು ಕರೆದುಕೊಂಡು ಒಂದು ಬೆಳಿಗ್ಗೆ ಹೋದೆ.

ಮಂಜಣ್ಣ ಗೇಟಿನಲ್ಲೇ ನಿಂತಿದ್ದರು. “ಆಯಮ್ಮ ಇಲ್ಲಿರಾದೇ ಇಲ್ಲ ಮೇಡಂ. ಮಾತೆತ್ತಿದ್ರೆ ಧರ್ಮಪುರ, ತಮ್ಮನ ಮನೆ. ಇಲ್ಲಿ ಯಾವನೋ ಗಂಡಸು ಕುಂತು ನಡೆಸ್ತವ್ನೆ.”

“ನೀವು ನೋಡಿದ್ದೀರಾ?”

“ಮಖ ನೋಡಿಲ್ಲ. ಚಪ್ಪಲಿ ನೋಡಿದೀನಿ. ವರ್ಷದಿಂದ ಬಾಗಿಲಾಗೇ ಅವೆ.”

“ಗುಡಿ ಮುಂದೆ ನಿನ್ ಚಪ್ಪಲಿ ಕಳದಾಗ ಇಷ್ಟು ಹುಡುಕಿದ್ಯೇನಪ್ಪ?” ಎಂದ ರಂಗಣ್ಣ.

“ನಗ್ಬೇಡ ಲೇ. ಮನೇಲಿ ಇಬ್ರು ಹೆಣ್ಮಕ್ಳವೆ. ಗೋಡೆ ಆಚೆ ದಿನಕ್ಕೊಬ್ಬ ಹೊಸಬ ಅಂದ್ರೆ ನಿದ್ದೆ ಹತ್ತುತ್ತಾ ನಂಗೆ?”

ಅದನ್ನು ಸುಳ್ಳು ಎನ್ನಲು ಬರುತ್ತಿರಲಿಲ್ಲ.

ಹೊಸ್ತಿಲ ಪಕ್ಕದಲ್ಲಿ ಕಂದು ಬಣ್ಣದ, ಗಂಡಸರ ದೊಡ್ಡ ಚಪ್ಪಲಿಗಳಿದ್ದವು. “ಬರ್ರಿ ಮೇಡಂ, ಕುಂತ್ಕಳ್ರಿ,” ಎಂದು ತಿಪ್ಪಮ್ಮ ಚಾಪೆ ಹಾಸಿದರು. ಚಪ್ಪಲಿ ಯಾರದು ಎಂದು ಕೇಳಿದೆ. “ಮನೇವು,” ಎಂದರು.

ಅಡುಗೆಮನೆ ನೋಡಿ ರಂಗಣ್ಣ ಹೊರಬಂದು ನನ್ನ ಕಿವಿಯ ಹತ್ತಿರ ಹೇಳಿದ, “ಮಂಜಣ್ಣ ಹೇಳಿದ್ದು ನಿಜ ಇರಬೋದು ಮೇಡಂ. ಒಳಗೆ ಸಂಸಾರ ಮಾಡೋ ಲಕ್ಷಣನೇ ಇಲ್ಲ.”

ನಾನೂ ಒಳಗೆ ಹೋದೆ. ಸ್ಟ್ಯಾಂಡಿನಲ್ಲಿ ಒಂದು ತಟ್ಟೆ, ಒಂದು ಲೋಟ. ಅತಿ ಚಿಕ್ಕ ಅಳತೆಯ ಕುಕ್ಕರ್. ಬಟ್ಟಲಿನಡಿ ಮುಚ್ಚಿಟ್ಟ ಅರ್ಧ ಈರುಳ್ಳಿ. ಒಲೆಯ ಪಕ್ಕ ಹಿಂದಿನ ದಿನದ ಸಾರು, ಇನ್ನೊಂದು ಹೊತ್ತಿಗಾಗುವಷ್ಟು. ಕಿಟಕಿಯಲ್ಲಿ ಕೇಳುವವರಿಲ್ಲದಿದ್ದರೂ ಸಣ್ಣಗೆ ಹಾಡುತ್ತಿದ್ದ ರೇಡಿಯೊ. ರಂಗಣ್ಣನ ಮನೆಯಲ್ಲಿ ಏಳು ಜನ. ಅವನಿಗೆ ಅಲ್ಲಿ ಯಾರೂ ಇಲ್ಲದಂತೆ ಕಂಡದ್ದು ಸಹಜ. ನನಗೆ ಮಾತ್ರ ಅಲ್ಲಿ ಒಬ್ಬರು ಪ್ರತಿದಿನ ಬೇಯಿಸಿ ಉಣ್ಣುತ್ತಿರುವುದು ಸ್ಪಷ್ಟವಾಗಿತ್ತು. ನಾನು ಅವತ್ತು ಬೀಗ ಹಾಕಿ ಬಂದ ಕೋಣೆಯ ಅಡುಗೆ ಮೂಲೆಯೂ ಹಾಗೆಯೇ ಇತ್ತು.

ಗಂಡಸರಿಬ್ಬರೂ ಬಾಡಿಗೆ ಕೋಣೆ ನೋಡಲು ಹಿತ್ತಲಿಗೆ ಹೋದಾಗ ಬಾಗಿಲಿಗೆ ಬಂದು ಒಂದು ಚಪ್ಪಲಿಯನ್ನು ತಿರುಗಿಸಿ ನೋಡಿದೆ. ಮೇಲ್ಭಾಗ ಒರೆಸಿ ಹೊಳೆಯುತ್ತಿತ್ತು. ತಳ ಒಂದಿಷ್ಟೂ ಸವೆದಿರಲಿಲ್ಲ. ಅಂಗಡಿಯ ನಂಬರಿನ ಚೀಟಿ ಹಾಗೇ ಅಂಟಿಕೊಂಡಿತ್ತು. ಅವನ್ನು ಯಾರೂ ಒಂದು ದಿನವೂ ಮೆಟ್ಟಿರಲಿಲ್ಲ.

ಅಂಥದೇ ಒಂದು ಜೊತೆ ನನ್ನ ಬಾಗಿಲಲ್ಲೂ ಇತ್ತು. ಗೋದಾಮಿನ ಮೇಲಿನ ಕೋಣೆಗೆ ಬಂದ ವಾರವೇ ಕೊಂಡಿದ್ದೆ. “ಯಾವ ನಂಬರ್ ಮೇಡಂ?” ಎಂದು ಅಂಗಡಿಯವನು ಕೇಳಿದಾಗ ಎದುರಿಗಿದ್ದದ್ದನ್ನು ತೋರಿಸಿ ಅದೇ ಸಾಕು ಎಂದಿದ್ದೆ.

ಚಪ್ಪಲಿಯನ್ನು ಕೆಳಗಿಟ್ಟು ತಲೆಯೆತ್ತಿದಾಗ ತಿಪ್ಪಮ್ಮ ಒಳಗಿನಿಂದ ನೋಡುತ್ತಿದ್ದರು.

“ಅದನ್ನ ಬರೀಬೇಡ್ರಿ ಮೇಡಂ,” ಎಂದರು ಮೆಲ್ಲಗೆ. “ಬರೋರೆಲ್ಲಾ ಒಳ್ಳೇರೇ. ಆದ್ರೂ ಒಳಗೆ ಇನ್ನೊಬ್ರು ಅವ್ರೆ ಅಂತ ಇರ್ಲಿ.”

“ಬರೆಯದೆ ಹೋದರೆ ಯಾರೋ ಗಂಡಸು ನಡೆಸುತ್ತಿದ್ದಾನೆ ಅನ್ನುವ ಮಾತು ಉಳಿಯುತ್ತದೆ. ಪತ್ರ ಸಿಗುವುದಿಲ್ಲ.”

“ಸಿಗಲಿಲ್ಲ ಅಂದ್ರೆ ತಮ್ಮನ ಮನೆಗೆ ಹೋಗ್ಬೇಕು. ಅಲ್ಲಿ ಬೇಡ ಅನ್ನೋರು ಯಾರೂ ಇಲ್ಲ. ಆದ್ರೆ ಚಾಪೆ ಎಲ್ಲಿ ಹಾಸ್ಲಿ ಅಂತ ದಿನಾ ಕೇಳ್ಬೇಕು.”

ಚಪ್ಪಲಿಯ ನಿಜ ಬರೆದರೆ ಮನೆ ಉಳಿಯುತ್ತಿತ್ತು. ಆದರೆ ಮಹಜರು ಓದಿದ ಮಧ್ಯಾಹ್ನಕ್ಕೇ ಆ ಮಾತು ಊರೆಲ್ಲ ಹರಡುತ್ತಿತ್ತು; ಆಮೇಲೆ ಆ ಮನೆಯಲ್ಲಿ ಒಬ್ಬರೇ ರಾತ್ರಿ ಕಳೆಯಬೇಕಾದವರು ತಿಪ್ಪಮ್ಮ. ನಿಯಮವನ್ನು ಮತ್ತೆ ಓದಿಕೊಂಡೆ. ಅದು ಚಪ್ಪಲಿಯ ಬಗ್ಗೆ ಏನೂ ಕೇಳಿರಲಿಲ್ಲ.

ಮಂಜಣ್ಣ ಹಿತ್ತಲಿನಿಂದ ಬಂದ ಮೇಲೆ, “ಬೆಳಿಗ್ಗೆ ಈ ಬಾಗಿಲಿಗೆ ನೀರು ಹಾಕುವವರು ಯಾರು?” ಎಂದು ಕೇಳಿದೆ.

“ಯಾರೋ ಹಾಕ್ತಾರೆ. ನಂಗೇನು ಗೊತ್ತು?”

ಗೋಡೆಯಾಚೆಯಿಂದ ಅವರ ಹೆಂಡತಿಯ ದನಿ ಬಂತು. “ನೀವು ಆ ಹೊತ್ತಿಗೆ ಎದ್ದಿದ್ರೆ ತಾನೇ ಗೊತ್ತಾಗಾದು? ದಿನಾ ತಿಪ್ಪಮ್ಮಕ್ಕ ನೀರು ಹಾಕೋ ಸದ್ದಿಗೇ ನಾನು ಏಳಾದು ಮೇಡಂ. ಧರ್ಮಪುರಕ್ಕೆ ಹೋದ್ರೂ ಸಂಜೆ ಬಸ್ಸಿಗೆ ಬಂದಿರ್ತಾರೆ. ಸುಳ್ಳು ಯಾಕೆ ಹೇಳಾಣ?”

ರಂಗಣ್ಣ ಮುಖ ಆ ಕಡೆ ತಿರುಗಿಸಿ ನಕ್ಕ. ಆಕೆಯ ಹೇಳಿಕೆಯನ್ನು ಮಹಜರಿನಲ್ಲಿ ಬರೆದೆ. ಅಡುಗೆಮನೆ ದಿನವೂ ಬಳಕೆಯಲ್ಲಿದೆ, ಮಾಲೀಕರು ಇಲ್ಲಿಯೇ ವಾಸವಿದ್ದಾರೆ, ಹೊರಗಿನ ಯಾರೂ ಮನೆ ನಡೆಸುತ್ತಿಲ್ಲ ಎಂದು ಸೇರಿಸಿದೆ.

“ಮತ್ತೆ ಚಪ್ಪಲಿ?” ಮಂಜಣ್ಣ ಬಿಡಲಿಲ್ಲ.

“ವಿಚಾರಿಸಿದ್ದೇನೆ. ಹೊರಗಿನವರದಲ್ಲ,” ಎಂದೆ.

ಅವರ ಹೆಣ್ಣುಮಕ್ಕಳ ಸಲುವಾಗಿ ಷರತ್ತುಗಳನ್ನು ಹಾಕಿದೆ: ಬಂದವರೆಲ್ಲರ ಗುರುತಿನ ಚೀಟಿಯ ನಕಲು ಇಡಬೇಕು, ಹಿತ್ತಲಿನ ಗೋಡೆಯನ್ನು ಎತ್ತರಿಸಬೇಕು, ಹೊತ್ತು ಮೀರಿ ಅಂಗಳದಲ್ಲಿ ಗುಂಪು ಕೂರುವಂತಿಲ್ಲ. ಮಂಜಣ್ಣ ಮುಖ ಸಡಿಲಿಸದೆಯೇ ಸಹಿ ಹಾಕಿದರು. ಮುಂದಿನ ವಾರ ಪತ್ರ ಕೊಟ್ಟೆವು.

ಅವತ್ತು ಹೊರಡುವಾಗ ತಿಪ್ಪಮ್ಮ ಗೇಟಿನವರೆಗೆ ಬಂದಿದ್ದರು. ರಂಗಣ್ಣ ಬೈಕು ತಿರುಗಿಸುತ್ತಿದ್ದ. “ತಳ ತಿರುಗ್ಸಿ ನೋಡಿದ್ರಲ್ಲ, ನಿಮ್ಮ ಬಾಗಿಲಾಗೂ ಅವೆ, ಅಲ್ವಾ?” ಎಂದರು. “ದಿನಾ ಒರೆಸಿ ಒಂಚೂರು ಜಾಗ ಬದ್ಲಾಯ್ಸ್ರಿ. ಇಲ್ಲಾಂದ್ರೆ ಗೊತ್ತಾಗ್ತೈತೆ.”

ಸಂಜೆ ಮೆಟ್ಟಿಲು ಹತ್ತಿ ನೋಡಿದೆ. ನನ್ನ ಜೊತೆಯ ಮೇಲೆ ತೆಂಗಿನ ನಾರಿನ ಧೂಳು ಬೆರಳಿನ ಗುರುತು ಮೂಡುವಷ್ಟು ಕೂತಿತ್ತು. ಇಟ್ಟ ದಿನದಿಂದ ಮುಟ್ಟಿರಲಿಲ್ಲ. ಮೇಲೆ ಬಂದ ಯಾರಿಗಾದರೂ ತಿಳಿಯುತ್ತಿತ್ತು.

ನಿಯಮ ಏನು ಕೇಳುತ್ತದೆಯೋ ಅದಕ್ಕೆ ಪೂರ್ತಿ ಉತ್ತರ ಬರೆಯಬೇಕು, ಅಲ್ಲಿಗೆ ಪೆನ್ನು ಮುಚ್ಚಬೇಕು ಎಂಬುದನ್ನು ನಾನು ತಿಪ್ಪಮ್ಮನ ಮನೆಯಲ್ಲಿ ಕಲಿತೆ. ಪರಿಶೀಲನೆಗೆಂದು ಬೇರೆಯವರ ಮನೆಯ ಒಳಗೆ ಹೋಗುವವರ ಕಣ್ಣಿಗೆ ಬೇಡದ್ದೂ ಬೀಳುತ್ತದೆ. ಅದನ್ನು ಅಲ್ಲಿಯೇ ಬಿಟ್ಟು ಬರುವುದೂ ಕೆಲಸದ ಭಾಗ.

ಈಗ ಹೊಳಲ್ಕೆರೆಯಲ್ಲಿದ್ದೇನೆ. ವರ್ಗವಾದಾಗ ಆ ಜೊತೆಯನ್ನೂ ಗಂಟು ಕಟ್ಟಿ ತಂದೆ. ಪ್ರತಿ ಸಂಜೆ ಒರೆಸಿ, ಸ್ವಲ್ಪ ಓರೆಯಾಗಿ, ಈಗಷ್ಟೇ ಯಾರೋ ಬಿಟ್ಟು ಒಳಗೆ ಹೋದಂತೆ ಇಡುತ್ತೇನೆ. ಎಷ್ಟು ಸರಿಯಾಗಿ ಇಡುವುದನ್ನು ಕಲಿತಿದ್ದೇನೆಂದರೆ, ಒಂದೊಂದು ದಿನ ಆಫೀಸಿನಿಂದ ಬಂದು ಬೀಗದ ಕೈ ಹುಡುಕುವಾಗ ಅವು ಕಂಡು, ಒಳಗೆ ಯಾರೋ ಇದ್ದಾರೆ ಎಂದು ನನಗೇ ಒಂದು ಕ್ಷಣ ಅನಿಸುತ್ತದೆ.